ಶರಬತ್ತಿಗೆ ಹೋದ ಲಸಿಕೆಯ ಐಸ್

1979ರ ಬೇಸಿಗೆ. ನಾನಾಗ ಜಗಳೂರಿನ ಕಡೆಯ ಒಂದು ಪಶು ಆಸ್ಪತ್ರೆಯಲ್ಲಿ ಅಟೆಂಡರ್. ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟ ನನಗೆ ಅದೇ ದೊಡ್ಡ ಹುದ್ದೆ. ತಮ್ಮ ಯೋಸೇಫನನ್ನೂ ಅಲ್ಲೇ ದಿನಗೂಲಿಗೆ ಸೇರಿಸಿದ್ದೆ. ಕುರಿ ಸಿಡುಬಿನ ಲಸಿಕೆಯನ್ನು ದಾವಣಗೆರೆಯಿಂದ ಬಸ್ಸಿನಲ್ಲಿ ತರುವುದು ಅವನ ಕೆಲಸ, ಬೆಳಗಿನವರೆಗೆ ಕಾಯುವುದು ನನ್ನದು. ಆ ಲಸಿಕೆಗೆ ತಂಪು ತಪ್ಪಬಾರದು. ತಪ್ಪಿದರೆ ಕುರಿಗೆ ಚುಚ್ಚಿದ್ದೂ ಒಂದೇ, ಬಿಟ್ಟಿದ್ದೂ ಒಂದೇ. ಆಸ್ಪತ್ರೆಯಲ್ಲಿ ಫ್ರಿಜ್ ಇರಲಿಲ್ಲ. ಅಗಲ ಬಾಯಿಯ ಥರ್ಮಾಸ್ ಫ್ಲಾಸ್ಕಿಗೆ ಐಸ್ ತುಂಬಿ, ನಡುವೆ ಸೀಸೆಗಳನ್ನು ಹುಗಿದು ಮನೆಯಲ್ಲಿ ಇಟ್ಟುಕೊಳ್ಳುತ್ತಿದ್ದೆ.

ಆ ಶುಕ್ರವಾರ ಸಂಜೆ ನಮ್ಮ ಮನೆಯಲ್ಲಿ ಪ್ರಾರ್ಥನೆ ಕೂಟವಿತ್ತು. ಹೊನ್ನಾಳಿಯಿಂದ ಸಭಾಪಾಲಕರು, ನಮ್ಮ ಬಾಯಲ್ಲಿ ಅಯ್ಯನವರು, ಬಂದಿದ್ದರು. ಸೆಖೆ ತಡೆಯಲಾಗುತ್ತಿರಲಿಲ್ಲ. ಅವ್ವ ನಿಂಬೆಹಣ್ಣಿನ ಶರಬತ್ತು ಮಾಡಿದಳು. ನಮ್ಮಂಥವರ ಮನೆಯಲ್ಲಿ ಐಸ್ ಹಾಕಿದ ಶರಬತ್ತು ಯಾರೂ ಕುಡಿದಿರಲಿಲ್ಲ. ಅಯ್ಯನವರ ಲೋಟಕ್ಕೊಂದು ಚೂರು ಹಾಕಿದರೆ ಏನಾಗುತ್ತದೆ ಎಂದು ಫ್ಲಾಸ್ಕಿನ ಮುಚ್ಚಳ ತೆಗೆದೆ. ಪಕ್ಕದಲ್ಲಿ ಕೂತವರು ಲೋಟ ಮುಟ್ಟಿ ನೋಡಿ, "ಸರ್ಕಾರಿ ನೌಕರನ ಮನೆ ಅಂದ್ರೆ ಹಿಂಗಿರಬೇಕು ನೋಡ್ರಪ್ಪ" ಎಂದರು. ಆ ಮಾತಿಗೆ ಇನ್ನೊಂದು ಚೂರು ಹೋಯಿತು, ಮತ್ತೊಂದು ಹೋಯಿತು. ಯೋಸೇಫ ಅಡುಗೆ ಕೋಣೆಗೆ ಬಂದು, "ಅಣ್ಣ, ಬೆಳಗ್ಗೆ ಕುರುಬರ ಕರಿಬಸಪ್ಪನ ಮಂದೆ ಲಸಿಕೆಗೆ ಬರ್ತೈತೆ" ಎಂದ. "ಇನ್ನೂ ಐತೆ ಬಿಡಲೇ" ಎಂದೆ. ಬೆಳಗ್ಗೆ ನೋಡಿದರೆ ಫ್ಲಾಸ್ಕಿನಲ್ಲಿ ಬೆಚ್ಚಗಿನ ನೀರಿತ್ತು.

ಹೇಳಬಹುದಿತ್ತು. ಡಾಕ್ಟರು ಬೈದು ಬೇರೆ ಲಸಿಕೆ ತರಿಸುತ್ತಿದ್ದರು, ಅಷ್ಟೆ. ನಾನು ಸುಮ್ಮನೆ ಸೀಸೆಗಳನ್ನು ಒಂದೊಂದಾಗಿ ತೆಗೆದು ಅವರ ಕೈಗೆ ಕೊಟ್ಟೆ. ಕರಿಬಸಪ್ಪ ಬೇಸಿಗೆ ಭತ್ತ ಕೊಯ್ದ ಗದ್ದೆಗಳಲ್ಲಿ ರಾತ್ರಿ ಕುರಿ ತರುಬಿ ನಿಲ್ಲಿಸಲು ಸೂಳೆಕೆರೆ ಕಡೆಗೆ ಹೊರಟಿದ್ದ. ಗದ್ದೆಗೆ ಗೊಬ್ಬರ, ಅವನಿಗೆ ಕಾಳು. ಲಸಿಕೆ ಹಾಕಿಸಿಕೊಂಡ ಧೈರ್ಯದಲ್ಲಿ ಆಗಲೇ ಮಂದೆ ಹೊಡೆದುಕೊಂಡು ನಡೆದ.

ಮಧ್ಯಾಹ್ನ ಡಾಕ್ಟರು ತಾವೇ ಸೀಸೆ ತೆಗೆಯಲು ಫ್ಲಾಸ್ಕಿಗೆ ಕೈ ಹಾಕಿದರು. ನೀರು ಬೆಚ್ಚಗಿತ್ತು.

"ಯಾರು ತಂದಿದ್ದು ಇದನ್ನ?"

"ತಮ್ಮ ಸಾರ್. ಬಸ್ಸಿನಾಗೆ ಮುಚ್ಚಳ ಸಡಿಲ ಬಿಟ್ಟಿರಬೇಕು."

"ಕರಿಬಸಪ್ಪನ ಕುರಿಗೆ ಹಾಕುವಾಗ ಐಸ್ ಇತ್ತಾ?"

"ಇತ್ತು ಸಾರ್."

ಮೊದಲನೆಯ ಸುಳ್ಳಿಗೆ ತಮ್ಮನ ಕೂಲಿ ಹೋಯಿತು. ಎರಡನೆಯದರಿಂದ ಒಂದು ಮಂದೆಯೇ ಅಪಾಯಕ್ಕೆ ಬಿತ್ತು. ಯೋಸೇಫ ನಿಜ ಗೊತ್ತಿದ್ದೂ ನನ್ನನ್ನು ಬಿಟ್ಟುಕೊಡಲಿಲ್ಲ. ಮನೆಯಲ್ಲಿ ಅವ್ವ ಅವನನ್ನು ದಿನವೂ ಹಂಗಿಸಿದಳು: "ಅಣ್ಣ ಕೊಡಿಸಿದ ಕೆಲ್ಸ ಉಳಿಸ್ಕಳಾಕೆ ಆಗ್ಲಿಲ್ಲ ನಿಂಗೆ. ತಿನ್ನಾಕೆ ಮಾತ್ರ ಮುಂದೆ." ನಾನು ಪಕ್ಕದಲ್ಲೇ ಕೂತು ಉಣ್ಣುತ್ತಿದ್ದೆ.

ಮುಂದಿನ ವಾರದ ಭಾನುವಾರ ಕರ್ತನ ಭೋಜನದ ಆರಾಧನೆ: ಯೇಸುವಿನ ನೆನಪಿಗೆ ಎಲ್ಲರೂ ರೊಟ್ಟಿ ಹಂಚಿ ತಿನ್ನುತ್ತೇವೆ, ಪಾಪ ಮುಚ್ಚಿಟ್ಟವನು ಅದನ್ನು ಮುಟ್ಟುವಂತಿಲ್ಲ. ರೊಟ್ಟಿ ಮುರಿಯುವ ಮೊದಲು ಅಯ್ಯನವರು, ಸೂಳೆಕೆರೆ ಹತ್ತಿರದ ಬಸವಾಪಟ್ಟಣದ ಸುತ್ತ ಕುರಿಗಳಿಗೆ ಸಿಡುಬು ಬಿದ್ದಿದೆ, ಕುರುಬರಿಗಾಗಿ ಪ್ರಾರ್ಥಿಸೋಣ ಎಂದರು. ಎಲ್ಲರೂ ಕಣ್ಣು ಮುಚ್ಚಿದರು, ನನಗೆ ಆಗಲಿಲ್ಲ. ರೊಟ್ಟಿಯ ತಟ್ಟೆ ನನ್ನ ಸಾಲಿಗೆ ಬಂದಾಗ ಎದ್ದು ಹೊರಗೆ ಹೋದೆ. ಆರಾಧನೆ ಮುಗಿದ ಮೇಲೆ ಅಯ್ಯನವರ ಮುಂದೆ ಅತ್ತು ಎಲ್ಲ ಹೇಳಿದೆ. "ಸೈತಾನ ನನ್ನ ಕೆಡವಿಬಿಟ್ಟ ಅಯ್ಯನೋರೆ" ಎಂದೆ.

"ಸೈತಾನ ಆಸೆ ತೋರಿಸ್ಯಾನು. ಫ್ಲಾಸ್ಕಿನ ಮುಚ್ಚಳ ತೆಗ್ದಿದ್ದು ಯಾರ ಕೈಯಪ್ಪ?"

ನನಗೆ ಮತ್ತೆ ಅಳು ಬಂತು.

"ನನ್ನ ಮುಂದೆ ಅತ್ರೆ ಕುರಿ ಉಳೀತಾವಾ? ದೇವರು ಕ್ಷಮಿಸ್ತಾನೆ, ಅದು ಬೇರೆ. ಮೊದ್ಲು ಡಾಕ್ಟರ ಹತ್ರ ಹೋಗು. ಆಮೇಲೆ ಬಸ್ ಹಿಡಿ."

ಡಾಕ್ಟರು ಪೂರ್ತಿ ಕೇಳಿಸಿಕೊಂಡು, "ನಿನ್ನ ವಿಚಾರ ಆಮೇಲೆ" ಎಂದಷ್ಟೇ ಹೇಳಿ ಚನ್ನಗಿರಿ ಆಸ್ಪತ್ರೆಗೆ ಸುದ್ದಿ ಮುಟ್ಟಿಸಲು ಹೊರಟರು. ನಾನು ಬಸ್ಸು ಬದಲಿಸಿ ಬಸವಾಪಟ್ಟಣದಲ್ಲಿ ಇಳಿದು, ಕಾಲುವೆ ಏರಿಯ ಮೇಲೆ ಸಿಕ್ಕವರನ್ನೆಲ್ಲ ಕೇಳುತ್ತ ನಡೆದೆ. ಕಾಯಿಲೆ ಬಿದ್ದ ಮಂದೆ ಯಾವುದೆಂದು ದೂರದಿಂದಲೇ ಗೊತ್ತಾಗುತ್ತಿತ್ತು, ಆ ಕುರಿಗಳು ತಲೆ ಜೋಲು ಹಾಕಿ ನಿಂತಿರುತ್ತಿದ್ದವು. ಅಂಥ ಒಂದು ಮಂದೆಯ ಪಕ್ಕದ ಗದ್ದೆಯಲ್ಲೇ ಕರಿಬಸಪ್ಪ ಕುರಿ ಕೂಡುವ ಬಲೆಬೇಲಿ ಇತ್ತು.

ಹೇಳಿದೆ. ಅವನು ಕಂಬಳಿ ಹೆಗಲಿಗೆ ಹಾಕಿಕೊಂಡು ಪಕ್ಕದ ಮಂದೆಯತ್ತ ತಿರುಗಿದ.

"ಪಕ್ಕದ ಮಂದಿ ದೂರ ಹೋಗ್ರಿ ಅಂದ್ರು. ನಮ್ಮವಕ್ಕೆ ಲಸಿಕೆ ಆಗೈತೆ, ಏನೂ ಆಗಲ್ಲ ಅಂದೆ" ಎಂದ. "ನಿನ್ನ ನಂಬ್ಕಂಡು ಅಂದೆ ಕಣಪ್ಪ."

ಮಾರನೆಯ ದಿನ ಚನ್ನಗಿರಿಯಿಂದ ಲಸಿಕೆ ಬಂತು, ಆದರೆ ಸಿಡುಬು ಆಗಲೇ ಅವನ ಮಂದೆಗೂ ಹತ್ತಿತ್ತು. ದೊಡ್ಡ ಕುರಿಗಳು ಬಹುಪಾಲು ಉಳಿದವು. ಮರಿಗಳು ಸತ್ತವು. ಗುಂಡಿ ತೋಡಲು ನಾನೂ ಹಾರೆ ಹಿಡಿದೆ. ಕರಿಬಸಪ್ಪ ಬೇಡ ಎನ್ನಲಿಲ್ಲ.

ಡಾಕ್ಟರು ನನ್ನನ್ನು ಲಸಿಕೆ ಕೆಲಸದಿಂದ ತೆಗೆದು ಕೊಟ್ಟಿಗೆ ಗುಡಿಸಲು ಹಾಕಿದರು. ಯೋಸೇಫನನ್ನು ಮತ್ತೆ ಕರೆದರು. ಆ ಸುದ್ದಿ ಹೇಳಿದಾಗ ಅವನು, "ಡಾಕ್ಟರ ಮುಂದೆ ಹೇಳಿದಿ, ಕರಿಬಸಪ್ಪನ ಮುಂದೆ ಹೇಳಿದಿ. ಅವ್ವಂಗೆ ಯಾವಾಗ ಹೇಳ್ತಿ?" ಎಂದ.

ಅದೇ ನನಗೆ ಎಲ್ಲಕ್ಕಿಂತ ಕಷ್ಟವಾಗಿತ್ತು. ಅವ್ವ ಶೇಂಗಾ ಸುಲಿಯುತ್ತ ಕೂತಿದ್ದಳು. ಹೇಳಿ ಮುಗಿಸಿದೆ. ಅವಳು ಮೊರ ಪಕ್ಕಕ್ಕೆ ಸರಿಸಿದಳು.

"ಶರಬತ್ತು ಮಾಡಿದೋಳು ನಾನಲ್ಲೇನೋ. ನಾನೂ ಕುಡಿದೆ. ತಪ್ಪು ನಿನ್ನೊಬ್ಬಂದೇ ಅಂತ ಯಾಕಂತಿ?"

ಆ ಮಾತು ಎಷ್ಟು ಹಿತವಾಗಿತ್ತೆಂದರೆ, ತಲೆಯಾಡಿಸಿ ಸುಮ್ಮನಾಗಿಬಿಡುವವನಿದ್ದೆ. ಅವಳ ಪಾಲು ಅವಳಿಗೆ, ಬಂದವರ ಪಾಲು ಅವರಿಗೆ, ಸೈತಾನನ ಪಾಲು ಅವನಿಗೆ ಹಂಚಿಬಿಟ್ಟರೆ ನನಗೆ ಉಳಿಯುವುದು ಆ ಐಸಿನ ಚೂರಿನಷ್ಟೇ. ಬಾಗಿಲಲ್ಲಿ ಯೋಸೇಫ ನಿಂತಿದ್ದ.

"ಇಲ್ಲವ್ವಾ" ಎಂದೆ. "ಐಸ್ ಹೋದ್ರೆ ಲಸಿಕೆ ಕೆಡ್ತೈತೆ ಅಂತ ನಿಂಗೆ ಗೊತ್ತಿರಲಿಲ್ಲ. ನಂಗೆ ಗೊತ್ತಿತ್ತು."

ಮುಂದೆ ನಿವೃತ್ತಿಯವರೆಗೂ ಆಸ್ಪತ್ರೆಯಲ್ಲಿ ಎಷ್ಟೋ ಕೆಲಸ ಕಲಿತೆ, ಇದನ್ನು ಮಾತ್ರ ಅಂದೇ ಕಲಿತಿದ್ದೆ. ಆಸೆ ಎಲ್ಲರಿಗೂ ಬರುತ್ತದೆ, ಅದಕ್ಕೆ ನಾಚಬೇಕಿಲ್ಲ. ಗೊತ್ತಿದ್ದೂ ಕೈ ಹಾಕಿದವನು ಮಾತ್ರ ಆ ತಪ್ಪನ್ನು ಯಾರೊಂದಿಗೂ ಹಂಚಿಕೊಳ್ಳುವಂತಿಲ್ಲ, ಹಡೆದವಳು ಕೈಚಾಚಿ ಕೇಳಿದರೂ.