ಹಸಿರು ಶಾಯಿಯ ಗವರ್ನರರ ಒದ್ದೆ ಪುಸ್ತಕ

ಬೆಳಗಿನ ಆರು ಗಂಟೆ. ಗವರ್ನರ್ ಕಚೇರಿಯ ನೆಲಮಾಳಿಗೆಯಲ್ಲಿ ಹಳೆಯ ಕಡತ ಕಾಯುವ ದಾಖಲೆ ಅಕ್ಕ ಮೊಣಕಾಲೂರಿ ಕೂತಿದ್ದಾರೆ. ಮುಂದೆ ಹಾಸಿದ ಬಟ್ಟೆಯ ಮೇಲೆ, ನೀರು ಕುಡಿದು ಊದಿಕೊಂಡ ಹಳೆಯ ಆದೇಶ ಪುಸ್ತಕ. ಮೊನ್ನೆ ಮೇಲಂತಸ್ತಿನ ಪೈಪು ಒಡೆದು ಕೋಣೆಯೆಲ್ಲ ಕೆರೆಯಾಗಿತ್ತು.

ಬಾಗಿಲಲ್ಲಿ ಬಟ್ಟೆ ಒಗೆಯುವ ಹಿರಿಯರೊಬ್ಬರು ನಿಂತಿದ್ದಾರೆ. ಹೊಳೆದಂಡೆಯ ನಲವತ್ತು ಮನೆ ತಮ್ಮವರದೆನ್ನಲು ಅವರಿಗಿರುವ ಆಧಾರ ಎಂಬತ್ತು ವರ್ಷದ ಹಿಂದಿನ ಗವರ್ನರ್ ಆದೇಶವೊಂದೇ. ಅದು ಈ ಪುಸ್ತಕದಲ್ಲಿದೆ. ಹನ್ನೊಂದಕ್ಕೆ ಕೋರ್ಟಿಗೆ ಅದರ ಪ್ರತಿ ಮುಟ್ಟದಿದ್ದರೆ ನಾಳೆ ಮನೆಗಳು ನೆಲಸಮ.

"ಸ್ವಲ್ಪ ಬೇಗ ಬಿಡಿಸಿ ತಾಯಿ."

"ಬೇಗ ಬಿಡಿಸಿದ್ರೆ ಹಾಳೆ ಚೂರಾಗಿ ಕೈಗೆ ಬರುತ್ತೆ ಅಣ್ಣಾ. ಕೂತ್ಕೊಳ್ಳಿ. ನೀವು ನಿಂತಿದ್ರೆ ನಂಗೂ ಅವಸರ ಹತ್ತುತ್ತೆ."

ಹಾಳೆಗಳ ನಡುವೆ ಹೀರುಕಾಗದ ತೂರಿಸಬೇಕು, ಅಂಗೈಯಲ್ಲಿ ಒತ್ತಬೇಕು, ಕಾಯಬೇಕು. ಒಂದು ಹಾಳೆಗೆ ಐದು ನಿಮಿಷ. ದಾಟಬೇಕಾದ ಹಾಳೆ ಮೂವತ್ತೆಂಟು.

ಇಪ್ಪತ್ತಾರು ವರ್ಷದಿಂದ ಅಕ್ಕ ಇಲ್ಲಿದ್ದಾರೆ. ನೌಕರಿ ಇನ್ನೂ ತಾತ್ಕಾಲಿಕ. ದಿನಕ್ಕೆ ಮೂವತ್ತು ಕಟ್ಟು ಇಳಿಸಿ, ಧೂಳು ಕೊಡವಿ, ಮತ್ತೆ ಏರಿಸುತ್ತಾರೆ. ಕೆಮ್ಮು ಕಾಯಂ ಆಗಿದೆ. ಆಗಿಹೋದ ಮೂವತ್ತೊಂದು ಮಂದಿ ಗವರ್ನರರೂ ಕೈಬರಹದಿಂದಲೇ ಮನೆಯವರಷ್ಟು ಪರಿಚಿತರು. ಒಬ್ಬರು ಊಟವಾದ ಮೇಲೆ ಬರೆದರೆ ಸಾಲು ಕೆಳಕ್ಕೆ ಜಾರುತ್ತಿತ್ತಂತೆ. ಅವರು 'ತೂಕಡಿಕೆ ಸಾಹೇಬರು'. "ನಮ್ಮೆಜಮಾನ್ರ ಕೈಬರಹ ಗುರುತು ಸಿಗಲ್ಲ ನಂಗೆ, ಇವರೆಲ್ಲರದೂ ಸಿಗುತ್ತೆ," ಎನ್ನುತ್ತಾರೆ.

ಒಂಬತ್ತೂಕಾಲಿಗೆ ಆ ಪುಟ ಬಿಡಿಸಿಕೊಳ್ಳುತ್ತದೆ. ಗುಮಾಸ್ತ ಕಪ್ಪು ಶಾಯಿಯಲ್ಲಿ ಬರೆದ ಆದೇಶ ಅಚ್ಚಳಿಯದೆ ಉಳಿದಿದೆ. ಗವರ್ನರರು ಹಸಿರು ಶಾಯಿಯಲ್ಲಿ ಹಾಕಿದ ಸಹಿ ಮಾತ್ರ ಕರಗಿ, ಪಾಚಿಯಂಥ ಕಲೆಯಾಗಿದೆ. ಹಿರಿಯರು ಎದ್ದು ಬಂದು ಪುಟದ ಮೇಲೆ ಬಗ್ಗುತ್ತಾರೆ.

ಪ್ರತಿ ದೃಢೀಕರಿಸಲು ಕೆಳಗಿಳಿದು ಬಂದ ಉಪಾಧಿಕಾರಿ ತಲೆಯಾಡಿಸುತ್ತಾರೆ. "ಸಹಿ ಇಲ್ಲದ್ದಕ್ಕೆ ನಾನು ಮೊಹರು ಒತ್ತಲಾರೆನಮ್ಮ. ನಾಳೆ ನನ್ನ ಕುತ್ತಿಗೆಗೆ ಬರುತ್ತೆ."

"ಒಂದ್ನಿಮಿಷ ಸಾರ್." ಅಕ್ಕ ಮೇಲಿನ ಕಪಾಟಿನಿಂದ ಅದೇ ಗವರ್ನರರ ಒಣ ಪುಸ್ತಕಗಳನ್ನು ಮೂರು ಇಳಿಸುತ್ತಾರೆ. "ಇವರದು ಕೋಪದ ಕೈ. ಸಹಿ ಮುಗಿಸುವಾಗ ಚುಕ್ಕೆ ಇಡಲ್ಲ, ಚುಚ್ತಾರೆ. ಎಲ್ಲಾ ಕಡೆ ತೂತಿದೆ, ನೋಡಿ."

ಮೂರರಲ್ಲೂ ಸಹಿಯ ಬಲತುದಿಗೆ ಸಣ್ಣ ತೂತು. ಆಮೇಲೆ ಒದ್ದೆ ಪುಟದ ಹಿಂದೆ ದೀಪ ಹಿಡಿಯುತ್ತಾರೆ. ಕಲೆಯ ಬಲಕ್ಕೆ, ಸಾಸಿವೆಯಷ್ಟು ಬೆಳಕು. ದೀಪ ಓರೆ ಮಾಡಿದರೆ ನಿಬ್ಬು ಕಾಗದದಲ್ಲಿ ಉತ್ತ ಸಹಿಯ ಗೆರೆಗಳೂ ಏಳುತ್ತವೆ.

ಉಪಾಧಿಕಾರಿ ಕನ್ನಡಕ ಒರೆಸಿ ನೋಡುತ್ತಾರೆ, ಮತ್ತೆ ಒರೆಸುತ್ತಾರೆ. ಕೊನೆಗೆ, "ಇವರ ಕೈಕೆಳಗೆ ಕೆಲಸ ಮಾಡಿದೋರ ಪಾಡೇನೋ," ಎಂದು ಮೊಹರು ತರಿಸುತ್ತಾರೆ. ಹತ್ತೂಕಾಲಿಗೆ ಪ್ರತಿ ಹಿಡಿದು ಹಿರಿಯರು ಮೆಟ್ಟಿಲು ಹಾರುತ್ತಾರೆ.

ಅಕ್ಕ ಇನ್ನೊಂದು ಪುಸ್ತಕ ಬಿಡಿಸಲು ಕೂರುತ್ತಾರೆ. ಕಣ್ಣು ಮಾತ್ರ ಫೋನಿನ ಮೇಲೆ. ಹನ್ನೆರಡೂವರೆಗೆ ಅದು ರಿಂಗಾಗುತ್ತದೆ. ಆ ಕಡೆ ಬರೀ ಬಿಕ್ಕು. ಅಕ್ಕ ಫೋನನ್ನು ಕಿವಿಗೆ ಒತ್ತಿ ಹಿಡಿಯುತ್ತಾರೆ.

"ಉಳೀತು ತಾಯಿ... ನಲವತ್ತೂ ಉಳೀತು."

ಅಕ್ಕ ಸೆರಗಿನಿಂದ ಮೂಗೊರೆಸಿಕೊಳ್ಳುತ್ತಾರೆ.

"ಆಯ್ತು, ಅಳೋದಾದ್ರೆ ಆ ಪ್ರತಿ ದೂರ ಇಟ್ಟು ಅಳಿ ಅಣ್ಣಾ. ಇನ್ನೊಂದ್ಸಲ ಒಣಗಿಸೋಕೆ ನನ್ನ ಕೈಲಾಗಲ್ಲ."