ಮಂಚದಡಿಯ ಜೋಳ

ನನಗೊಂದು ಜಂಬವಿತ್ತು, ಅದನ್ನು ಮಂಚದ ಕೆಳಗೆ ಇಟ್ಟಿದ್ದೆ. ವಿಜಯಪುರದ ನಮ್ಮ ಹೊಲದ ಬಿಳಿಜೋಳ, ವರ್ಷಕ್ಕಾಗುವಷ್ಟು, ಎರಡು ಚೀಲ. ಚೆಂಬೂರಿನ ನಮ್ಮ ಒಂದೂವರೆ ಕೋಣೆಯ ಮನೆಗೆ ಬಂದವರು ಚಹಾಕ್ಕೆ ಮೊದಲು ಬಗ್ಗಿ ಆ ಚೀಲಗಳ ದರ್ಶನ ಪಡೆಯಬೇಕಿತ್ತು. ಮೂವತ್ತು ವರ್ಷ ಮುಂಬಯಿಯಲ್ಲಿದ್ದೂ ಅಂಗಡಿಯ ಹಿಟ್ಟು ಮುಟ್ಟಿಲ್ಲ ಎಂದು ಹೇಳದೆ ಯಾರನ್ನೂ ಬಿಡುತ್ತಿರಲಿಲ್ಲ.

ನಮ್ಮೂರಲ್ಲಿ ಜೋಳ ವರ್ಷವಿಡೀ ಮೂಲೆಯಲ್ಲಿ ಕೂತರೂ ಕೆಡುವುದಿಲ್ಲ, ಅಲ್ಲಿನ ಗಾಳಿಯೇ ಒಣ. ಮುಂಬಯಿಯ ಮಳೆಗಾಲದಲ್ಲಿ ಬೆಂಕಿಪೊಟ್ಟಣವೂ ಬೆವರುತ್ತದೆಂದು ನನಗೆ ಗೊತ್ತಿತ್ತು. ಆದರೆ ನಮ್ಮ ಹೊಲದ ಜೋಳಕ್ಕೂ ಅದೇ ಕಾನೂನು ಎಂದು ಹೊಳೆದಿರಲಿಲ್ಲ. ಶ್ರಾವಣದಲ್ಲಿ ಚೀಲ ಬಿಚ್ಚಿದರೆ ಮುಗ್ಗಲು ವಾಸನೆ, ಹಸಿರುಬೂದು ಪುಡಿ. ಭಾನುವಾರಕ್ಕೊಮ್ಮೆ ಫ್ಯಾನಿನ ಕೆಳಗೆ ಮೊರ ಹಿಡಿದು ಕೂತು ಕೇರುತ್ತಿದ್ದೆ. ಪಕ್ಕದಲ್ಲೇ ಹೆಂಡತಿ ಶಾರದೆ ರೊಟ್ಟಿ ಬಡಿಯುತ್ತ ಕೆಮ್ಮುತ್ತಿದ್ದಳು.

ಅವಳಿಗೆ ಮೊದಲಿನಿಂದಲೂ ದಮ್ಮು. ಹೋದ ಮಳೆಗಾಲದಲ್ಲಿ ಮಾತ್ರ ಸ್ಟೇಶನ್ನಿನ ಬ್ರಿಡ್ಜ್ ಹತ್ತುವಾಗ ನಾಲ್ಕು ಕಡೆ ನಿಂತಳು. ಕಫದಲ್ಲಿ ಕಂದು ಚೂರುಗಳು ಬಂದವು. ಇವಳನ್ನು ಕಳೆದುಕೊಳ್ಳುತ್ತೇನೇನೋ ಎಂದು ನಾನು ನಿಜಕ್ಕೂ ಹೆದರಿದೆ.

ರಕ್ತಪರೀಕ್ಷೆ, ಸ್ಕ್ಯಾನ್ ಎಲ್ಲ ನೋಡಿ ಡಾಕ್ಟರಮ್ಮ, ಮನೆಯಲ್ಲಿ ಧಾನ್ಯ ಕೂಡಿಡುತ್ತೀರಾ ಎಂದು ಕೇಳಿದರು. ಅಂಥ ಹೊತ್ತಿನಲ್ಲೂ ನನ್ನ ಎದೆ ಉಬ್ಬಿತು. “ದೋ ಬೋರಿ, ಡಾಕ್ಟರ್! ಖುದ್ ಕೇ ಖೇತ್ ಕಾ!” ಎಂದೆ. ಅವರು ಶಭಾಸ್ ಎನ್ನಲಿಲ್ಲ. ಚೀಟಿಯ ಮೇಲೆ ‘ಆಸ್ಪರ್‌ಜಿಲಸ್’ ಎಂದು ಬರೆದು, ಕಾಳಿಗೆ ಹಿಡಿಯುವ ಆ ಬೂಷ್ಟಿನ ಕಥೆ ಹೇಳಿದರು.

ಅದರ ಕಣಗಳು ಎಲ್ಲ ಕಡೆಯೂ ತೇಲುತ್ತಿರುತ್ತವಂತೆ. ಲೋಕಲ್‌ ರೈಲಿನಲ್ಲಿ ಜೋತುಬಿದ್ದ ನಾವೆಲ್ಲ ದಿನವೂ ಅವನ್ನು ಉಸಿರಾಡುತ್ತೇವೆ, ಬಹಳಷ್ಟು ದೇಹಗಳು ಸದ್ದಿಲ್ಲದೆ ಹೊರಗೆ ಹಾಕುತ್ತವೆ. ದಮ್ಮಿನವರಲ್ಲಿ ಕೆಲವರಿಗೆ ಅಲರ್ಜಿಯಾಗಿ ಶ್ವಾಸಕೋಶ ಕೆರಳುತ್ತದೆ, ಶಾರದೆಗೆ ಆದದ್ದು ಇದೇ. ರೋಗ ತಡೆಯುವ ಶಕ್ತಿ ಕುಗ್ಗಿದವರಲ್ಲಂತೂ ಒಳಗೇ ಬೆಳೆದು ಜೀವಕ್ಕೇ ಕುತ್ತು. ಸೂಕ್ಷ್ಮದರ್ಶಕದಲ್ಲಿ ಅದು ಚರ್ಚಿನಲ್ಲಿ ತೀರ್ಥ ಚಿಮುಕಿಸುವ ಕೋಲಿನಂತೆ ಕಂಡದ್ದರಿಂದ ಹಿಂದೆ ಒಬ್ಬ ಪಾದ್ರಿ ಅದಕ್ಕೆ ಆ ಹೆಸರಿಟ್ಟನೆಂದು ಆಮೇಲೆ ಓದಿದೆ. ಹಾಗಾದರೆ ಪ್ರತಿ ಭಾನುವಾರ ಹೆಂಡತಿಗೆ ಈ ತೀರ್ಥ ಪ್ರೋಕ್ಷಿಸಿದ ಪೂಜಾರಿ ಯಾರು, ನೀವೇ ಹೇಳಿ.

ಮರುದಿನವೇ ಮೂಗುಬಾಯಿ ಕಟ್ಟಿಕೊಂಡು ಎರಡೂ ಚೀಲಗಳನ್ನು ಎಳೆದೆ. ಬಾಗಿಲಲ್ಲಿ ನಿಂತ ಶಾರದೆಯ ಕಣ್ಣು ತುಂಬಿತು.

“ಹೊಲದ ಜ್ವಾಳ ಕಸಕ್ಕ ಹಾಕ್ತೀರೇನ್ರೀ?”

“ಹೊಲ ಅಲ್ಲೇ ಅದ. ನನಗ ನೀ ಬೇಕು.”

ಮದುವೆಯಾದಾಗಿನಿಂದ ಇಂಥ ಮಾತು ನನ್ನ ಬಾಯಿಂದ ಬಂದಿರಲಿಲ್ಲ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, “ಇದನ್ನ ಹೇಳಾಕ ಜ್ವಾಳಕ್ಕ ಬೂಷ್ಟು ಹಿಡೀಬೇಕಿತ್ತೇನ್ರಿ?” ಎಂದಳು.

ತಿಂಗಳುಗಟ್ಟಲೆ ಗುಳಿಗೆ ನುಂಗಿದಳು. ಈಗ ವಾರಕ್ಕೊಮ್ಮೆ ಅಂಗಡಿಯಿಂದ ಹಿಟ್ಟು ತರುತ್ತೇನೆ. ಮಂಚದ ಕೆಳಗೆ ಖಾಲಿ, ಬಂದವರಿಗೆ ತೋರಿಸಲು ಏನೂ ಇಲ್ಲ.

ಹಾಗೆಂದುಕೊಂಡಿದ್ದೆ. ಮೊನ್ನೆ ದಹಿಸರ್‌ನ ನೆಂಟರ ಮನೆಗೆ ಹೊರಟಾಗ ಶಾರದೆ ಎಲ್ಲೂ ನಿಲ್ಲದೆ ಬ್ರಿಡ್ಜ್ ಹತ್ತಿಬಿಟ್ಟಳು. ನಡುವೆ ಕಂಬಿ ಹಿಡಿದು ಏದುಸಿರು ಬಿಡುತ್ತಿದ್ದವನು ನಾನು.

“ಲಗೂ ಬರ್ರೀ, ಲೋಕಲ್ ಬಂತು!” ಎಂದು ಮೇಲಿನಿಂದ ಕೂಗಿದಳು.

ಪಕ್ಕದಲ್ಲಿ ಹತ್ತುತ್ತಿದ್ದ ಅಪರಿಚಿತನೊಬ್ಬನನ್ನು ತಡೆದು, ಅವಳತ್ತ ಬೆರಳು ಮಾಡಿ, ಕೇಳದಿದ್ದರೂ ಹೇಳಿದೆ. “ವೋ ಮೇರಿ ಬೀವಿ ಹೈ.”