ಮಡಿಲಕ್ಕಿಯ ಜತೆಗೊಂದು ರಜೆ ಅರ್ಜಿ

ಬೆಳಗಿನ ಐದೂ ಮುಕ್ಕಾಲು. ಭದ್ರಾವತಿಯ ಕಾಗದನಗರದಲ್ಲಿ ಗಾರ್ಮೆಂಟ್ಸ್ ಬಸ್ಸು ಹತ್ತುವ ನಂಜಮ್ಮನಿಗೆ ಮುಂದಿನ ಕಿಟಕಿ ಸೀಟು ಕಾಯಂ. ಆದರೆ ಯಾರಾದರೂ ಬಾಯಿಗೆ ಸೆರಗು ಒತ್ತಿಕೊಂಡು ಹತ್ತಿದರೆ ಸಾಕು, ಎದ್ದು ಜಾಗ ಬಿಟ್ಟುಕೊಡುತ್ತಾರೆ. ಅತ್ತೆಗಿಂತ ಮೊದಲು ನಂಜಮ್ಮನಿಗೆ ಸುದ್ದಿ ಗೊತ್ತಾಗುತ್ತದೆ ಎಂದು ಬಸ್ಸಿನವರು ಛೇಡಿಸುತ್ತಾರೆ.

ಶಿವಮೊಗ್ಗದ ಹೊರವಲಯದ ಕಾರ್ಖಾನೆಯಲ್ಲಿ ಅವರದು ಚೆಕಿಂಗ್ ಕೆಲಸ. ಹೊಲಿಗೆ ಸರಿಯಿದೆಯೇ ಎಂದು ದಿನಕ್ಕೆ ಆರುನೂರು ಶರ್ಟು ನೋಡಬೇಕು. ಸಂಬಳ ಅದಕ್ಕೆ. ಇನ್ನೊಂದು ಕೆಲಸ ಅವರೇ ಮೈಮೇಲೆ ಎಳೆದುಕೊಂಡದ್ದು: ಬಸುರಿಯರಿಂದ ಹೆರಿಗೆ ರಜೆಯ ಅರ್ಜಿ ಬರೆಸುವುದು. ಬುತ್ತಿಯ ಚೀಲದಲ್ಲಿ ಖಾಲಿ ಅರ್ಜಿಗಳು ಸದಾ ಇರುತ್ತವೆ.

ಇಪ್ಪತ್ತಾರು ವಾರದ ರಜೆ, ಸಂಬಳ ಸಹಿತ, ಕಾನೂನಿನಲ್ಲೇ ಇದೆ. ಆದರೆ ಬಾಯಿಬಿಟ್ಟರೆ ದೃಷ್ಟಿಯಾದೀತೆಂದು ನಮ್ಮ ಹೆಣ್ಣುಮಕ್ಕಳು ಸುದ್ದಿ ಮುಚ್ಚಿಡುತ್ತಾರೆ. ಸೀಮಂತ ಮುಗಿದದ್ದೇ ತವರಿಗೆ ಹೊರಟುಬಿಡುತ್ತಾರೆ. ಬರವಣಿಗೆಯಲ್ಲಿ ಏನೂ ಇರುವುದಿಲ್ಲ. ಹಾಜರಿಯಲ್ಲಿ ಮೊದಲು ಗೈರು, ಆಮೇಲೆ ಹೆಸರೇ ಮಾಯ.

ಇಪ್ಪತ್ತು ವರ್ಷದ ಹಿಂದೆ, ಬೇರೊಂದು ಕಾರ್ಖಾನೆಯಲ್ಲಿ, ನಂಜಮ್ಮನಿಗೂ ಹೀಗೇ ಆಗಿತ್ತು. ಗಾಜನೂರಿನ ತವರಿನಿಂದ ಕೈಗೂಸಿನೊಂದಿಗೆ ಮರಳಿದರೆ ಅವರ ಮೆಷಿನ್ ಮುಂದೆ ಬೇರೆಯವರು. "ಗೇಟಲ್ಲೇ ನಿಲ್ಸಿದ್ರು. ತಪ್ಪು ನಂದಾ, ಅವ್ರದ್ದಾ ಅಂತ ಕೇಳಕ್ಕೂ ಗೊತ್ತಿರ್ಲಿಲ್ಲ. ಮಗು ಎತ್ಕೊಂಡು ವಾಪಸ್ ನಡ್ದೆ," ಎನ್ನುತ್ತಾರೆ.

ಕಳೆದ ಮಾರ್ಚಿನಲ್ಲಿ ಕಾಲರ್ ಹೊಲಿಯುವ ಸುಮನಾ ಅದೇ ಹಾದಿ ಹಿಡಿದಿದ್ದಳು. ಮನೆ ನಡೆಯುವುದು ಅವಳ ಸಂಬಳದಲ್ಲೇ. ಆದರೂ ಅರ್ಜಿಯ ಮಾತೆತ್ತಿದಾಗಲೆಲ್ಲ ನಾಳೆ ಎನ್ನುತ್ತಿದ್ದಳು. ನಂಜಮ್ಮ ಭಾನುವಾರದ ಸೀಮಂತಕ್ಕೇ ಹೋದರು. ಹಸಿರು ಬಳೆ ತೊಡಿಸಿ, ಮಡಿಲಿಗೆ ಅಕ್ಕಿ, ಕಾಯಿ, ಎಲೆಅಡಿಕೆ ತುಂಬಿದ ಮೇಲೆ ಅವನ್ನು ತಂದಿದ್ದ ತಟ್ಟೆಯಿಂದಲೇ ಅರ್ಜಿ, ಪೆನ್ನು ತೆಗೆದರು. ಶುಭಕಾರ್ಯದಲ್ಲಿ ಇದೆಂಥ ಕಾಗದ ಎಂದು ಸುಮನಾಳ ಅತ್ತೆ ಮುಖ ಗಂಟಿಕ್ಕಿದರು.

"ದೃಷ್ಟಿ ನಾನೇ ತೆಗೀತೀನಿ ಕಣಮ್ಮ. ಮೊದ್ಲು ಅವ್ಳು ಸೈನ್ ಹಾಕ್ಲಿ," ಎಂದರು ನಂಜಮ್ಮ.

ಸುಮನಾ ಸಹಿ ಹಾಕಿದಳು. ಮರುದಿನ ಅರ್ಜಿ ಆಫೀಸು ಸೇರಿತು. ಸೀಲು ಬಿದ್ದ ಅದರ ನಕಲು ನಂಜಮ್ಮನ ಟ್ರಂಕಿನಲ್ಲಿದೆ. ಹನ್ನೊಂದು ವರ್ಷದಲ್ಲಿ ಅಂಥವು ನಲವತ್ತಮೂರು ಸೇರಿವೆ. ಒಬ್ಬಳ ಕೆಲಸವೂ ಹೋಗಿಲ್ಲ.

ಈ ಸೋಮವಾರ ಸುಮನಾ ಮರಳಿದ್ದಾಳೆ. ಅದೇ ಲೈನು, ಅದೇ ಮೆಷಿನ್ನು. ಅವಳು ಕಾಲರ್ ಕೂರಿಸಿದ ಮೊದಲ ಶರ್ಟು ನಂಜಮ್ಮನ ಟೇಬಲ್ಲಿಗೆ ಬರುತ್ತದೆ. ಹೊಲಿಗೆ ಒಂದೆಡೆ ಸೊಟ್ಟ. ನಂಜಮ್ಮ ಮುಲಾಜಿಲ್ಲದೆ ವಾಪಸ್ ಕಳಿಸುತ್ತಾರೆ. ಮೊದಲ ದಿನವೇ ಹೀಗಾ ಎಂದು ಪಕ್ಕದವರು ಕೇಳಿದರೆ ನಗುತ್ತಾರೆ.

"ಆರ್ ತಿಂಗ್ಳು ಕೈ ಬಿಟ್ಟಿತ್ತಲ್ಲ, ತಪ್ಪುತ್ತೆ. ಬಿಚ್ಚಿ ಹೊಲೀಲಿ ಬಿಡಿ. ಮೆಷಿನ್ ಅವ್ಳದ್ದೇ ಅಲ್ವಾ."